ತಾರಸಿ ಮೇಲೆ ಆಂಟೆನಾ ಕೂರಿಸುವ ಮುನ್ನ: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ತಾರಸಿಗಳ ಮೇಲೆ ವೈಫೈ ಡಿಶ್ಶು, ಡಿಟಿಎಚ್ ತಟ್ಟೆ, ಏರ್‌ಫೈಬರ್ ಡಬ್ಬಿ ಕೂರಿಸುವುದೇ ನನ್ನ ಕಸುಬು. ಫೋನಿನಲ್ಲಿ, ವಾಟ್ಸ್ಆ್ಯಪ್‌ನಲ್ಲಿ, ಏಣಿಯ ಬುಡದಲ್ಲಿ ನಿಂತು ಜನ ಕೇಳಿದ್ದನ್ನು ಕೇಳಿದ ಹಾಗೇ ಬರೆದುಕೊಂಡಿದ್ದೇನೆ. ಎಲ್ಲರೂ ಮೊದಲು ಸಿಗ್ನಲ್ ಬಗ್ಗೆ ಕೇಳುತ್ತಾರೆ. ನಾನು ಮೊದಲು ನೋಡುವುದು ಬೇರೆ: ಈ ಕಂಬ ಬಿದ್ದರೆ ಎಲ್ಲಿ ಬೀಳುತ್ತದೆ?

## ಶುರು ಮಾಡುವ ಮೊದಲು

ಸರ್, ಆಂಟೆನಾ ಹೊರಗಡೆ ಹಾಕಲೇಬೇಕಾ? ಮನೆಯೊಳಗೇ ಇಟ್ಟರೆ ಆಗಲ್ವಾ?

ಎಷ್ಟೋ ಸಲ ಆಗುತ್ತದೆ. ನಡುಮನೆಯ ರೂಟರ್ ಹಿಂದಿನ ರೂಮಿಗೆ ಸಿಗುತ್ತಿಲ್ಲ ಎಂದರೆ ಅದಕ್ಕೆ ತಾರಸಿ ಹತ್ತಬೇಕಿಲ್ಲ, ಒಂದು ಲ್ಯಾನ್ ವೈರ್ ಎಳೆದು ಇನ್ನೊಂದು ರೂಟರ್ ಇಟ್ಟರೆ ಮುಗಿಯಿತು. ಎದುರು ಬೀದಿಯ ಅಂಗಡಿಗೋ ಮಗನ ಮನೆಗೋ ನೆಟ್ ಹಾಯಿಸಬೇಕು, ಅಥವಾ ಟವರಿನ ಸಿಗ್ನಲ್ ಗೋಡೆ ದಾಟಿ ಒಳಗೆ ಬರುತ್ತಿಲ್ಲ ಎಂದರೆ ಮಾತ್ರ ಹೊರಗಿನ ಮಾತು. ಆಗಲೂ ಮೊದಲು ಫೋನ್ ಹಿಡಿದು ತಾರಸಿಯ ನಾಲ್ಕೂ ಮೂಲೆಯಲ್ಲಿ ಸ್ಪೀಡ್ ನೋಡಿ. ಕೈಯೆತ್ತರದಲ್ಲೇ ಚೆನ್ನಾಗಿ ಬರುತ್ತಿದ್ದರೆ ಇಪ್ಪತ್ತಡಿ ಪೈಪು ಯಾಕೆ?

ನಮ್ಮನೆ ಪಕ್ಕದಲ್ಲೇ ಕರೆಂಟು ಕಂಬ ಇದೆ. ಎಷ್ಟು ದೂರ ಬಿಡಬೇಕು?

ಪ್ರಾಣ ತೆಗೆಯುವುದು ಇದೇ, ಹಾಗಾಗಿ ಉದ್ದವಾಗಿಯೇ ಹೇಳುತ್ತೇನೆ. 20x30, 30x40 ಸೈಟುಗಳಲ್ಲಿ ಮೂರು ನಾಲ್ಕು ಅಂತಸ್ತು ಎಬ್ಬಿಸಿ, ಬಾಲ್ಕನಿಯನ್ನು ರಸ್ತೆಗೆ ಚಾಚಿದ ಊರು ನಮ್ಮದು. ಎಷ್ಟೋ ಗಲ್ಲಿಗಳಲ್ಲಿ ಒಣಹಾಕಿದ ಬಟ್ಟೆಗೂ ತಂತಿಗೂ ನಡುವೆ ಒಂದು ಮಾರು ಜಾಗವೂ ಇರುವುದಿಲ್ಲ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದ ಪ್ರಕಾರ ಕಟ್ಟಡಕ್ಕೂ 11 ಕೆವಿ (11 ಸಾವಿರ ವೋಲ್ಟ್) ವರೆಗಿನ ತಂತಿಗೂ ಅಡ್ಡಕ್ಕೆ ಕನಿಷ್ಠ 1.2 ಮೀಟರ್ ಅಂತರ ಇರಬೇಕು. ಮೇಲೆ ಹಾದುಹೋಗುವ ತಂತಿಯಾದರೆ ಮನೆಗೆ ಬರುವ ಸಾಮಾನ್ಯ ಲೈನಿಗೆ 2.5 ಮೀಟರ್, ಹೈಟೆನ್ಷನ್‌ಗೆ 33 ಕೆವಿವರೆಗೆ 3.7 ಮೀಟರ್. ಇದು ಅಲ್ಲಾಡದೆ ನಿಂತ ಗೋಡೆಯ ಲೆಕ್ಕ. ಆಂಟೆನಾ ಕಂಬವನ್ನು ಎತ್ತುವಾಗ ವಾಲುತ್ತದೆ, ಬಿಟ್ಟರೆ ಬೀಳುತ್ತದೆ. ನನ್ನ ಲೆಕ್ಕ ಹೀಗೆ: ಪೈಪಿನ ಪೂರ್ತಿ ಉದ್ದಕ್ಕೆ ಮೂರು ಮೀಟರ್ ಸೇರಿಸಿ, ಪೈಪಿನ ಬುಡದಿಂದ ಅಷ್ಟು ದೂರಕ್ಕೆ ಸುತ್ತಲೂ ಒಂದು ವೃತ್ತ ಎಳೆದುಕೊಳ್ಳಿ. ಆ ವೃತ್ತದೊಳಗೆ ಯಾವ ತಂತಿಯೂ ಬರಬಾರದು. ಬಂದರೆ ಜಾಗ ಬದಲಿಸಿ, ಇಲ್ಲವೇ ಪೈಪು ಗಿಡ್ಡ ಮಾಡಿ.

ಒಮ್ಮೆ ಹಳೇ ಬಡಾವಣೆಯೊಂದರಲ್ಲಿ ಇಬ್ಬರು ಸೇರಿ ಇಪ್ಪತ್ತಡಿ ಜಿಐ (ಸತು ಲೇಪದ ಕಬ್ಬಿಣ) ಪೈಪು ಎತ್ತುತ್ತಿದ್ದೆವು, ತುದಿಗೆ ಡಿಶ್ಶು ಆಗಲೇ ಕಟ್ಟಿತ್ತು. ಅರ್ಧ ಎದ್ದ ಮೇಲೆ ಒಂದು ಗಾಳಿ ಬೀಸಿತು. ತುದಿ ಬೀದಿಯ ಕಡೆ ತಿರುಗಿದ್ದು ನಮಗೆ ಕೈಯಲ್ಲಿ ಗೊತ್ತಾಗಲಿಲ್ಲ, ಕಣ್ಣಲ್ಲಿ ಗೊತ್ತಾಯಿತು. ಹಿಂದಿನ ಪಿಲ್ಲರಿಗೆ ಸುತ್ತಿದ್ದ ನೈಲಾನ್ ಹಗ್ಗ ಬಿಗಿದುಕೊಂಡು ನಿಂತಿತು, ತಂತಿಗೆ ಒಂದೆರಡು ಗೇಣು ಉಳಿದಿತ್ತು. ಅವತ್ತಿನಿಂದ ತುದಿಯ ಭಾರ ಕಟ್ಟಿ ಪೈಪು ಎತ್ತುವುದನ್ನು ಬಿಟ್ಟಿದ್ದೇನೆ. ಹಗ್ಗವನ್ನು ಬಿಟ್ಟಿಲ್ಲ.

ಲೈನು ಗುರುತಿಸುವುದು ಹೀಗೆ: ದೊಡ್ಡ ಪಿಂಗಾಣಿ ಅಥವಾ ತಟ್ಟೆ ತಟ್ಟೆಯ ಇನ್ಸುಲೇಟರ್ ಮೇಲೆ ಮೂರು ತಂತಿ ಇದ್ದರೆ ಸಾಮಾನ್ಯವಾಗಿ 11 ಕೆವಿ. ಅದರ ಕೆಳಗೆ ಚಿಕ್ಕ ಇನ್ಸುಲೇಟರ್‌ಗಳಲ್ಲಿ ನಾಲ್ಕೈದು ತಂತಿ ಇದ್ದರೆ ಮನೆಗೆ ಬರುವ ಲೈನು. ಕಪ್ಪು ಹೊದಿಕೆ ಇರುವ ತಂತಿಯನ್ನೂ ನಂಬಬೇಡಿ, ಬಿಸಿಲಿಗೆ ಅದು ಬಿರುಕು ಬಿಟ್ಟಿರುತ್ತದೆ. 66 ಕೆವಿ ಲೈನಿನ ಹತ್ತಿರವಂತೂ ಮುಟ್ಟಬೇಕು ಅಂತಲೇ ಇಲ್ಲ, ಹತ್ತಿರ ಹೋದರೇ ಕಿಡಿ ಹಾರುತ್ತದೆ.

ಕರೆಂಟು ಹೋದಾಗ ಬೇಗ ಬೇಗ ಹಾಕಿಬಿಟ್ಟರೆ?

ಬೇಡ. ಹೋದ ಕರೆಂಟು ಯಾವ ಕ್ಷಣದಲ್ಲಾದರೂ ಬರುತ್ತದೆ, ಯಾರದೋ ಜನರೇಟರಿನಿಂದ ಉಲ್ಟಾ ಕೂಡ ಬರಬಹುದು. ಲೈನಿನ ಹತ್ತಿರ ಕೆಲಸ ಮಾಡಲೇಬೇಕಾದರೆ ಬೆಸ್ಕಾಂ ಉಪವಿಭಾಗದ ಕಚೇರಿಗೆ ಹೋಗಿ, ಅಥವಾ 1912ಕ್ಕೆ ಫೋನ್ ಮಾಡಿ ಕೇಳಿ. ಅವರು ಲೈನ್ ಕ್ಲಿಯರ್ ಕೊಟ್ಟು, ಲೈನ್‌ಮನ್ ಬಂದು, ತಂತಿಗೆ ಅರ್ಥ್ ರಾಡ್ ಹಾಕಿದ ಮೇಲೆಯೇ ಆ ತಂತಿ ಸತ್ತಿದೆ ಎಂದರ್ಥ.

ನಾನೇ ಹಾಕಿಕೊಳ್ಳಬಹುದಾ? ಯೂಟ್ಯೂಬ್‌ನಲ್ಲಿ ನೋಡಿದೀನಿ.

ಎರಡೂ ಪಾದ ತಾರಸಿಯ ನೆಲದ ಮೇಲೆ, ಪ್ಯಾರಪೆಟ್ ಒಳಗಡೆ, ಎದೆಯೆತ್ತರದ ಕೆಲಸವಾದರೆ ಧಾರಾಳವಾಗಿ ಹಾಕಿಕೊಳ್ಳಿ. ಪ್ಯಾರಪೆಟ್ ಮೇಲೆ ಹತ್ತಬೇಕು, ಹೊರಗೋಡೆಗೆ ಬಗ್ಗಬೇಕು, ಶೀಟಿನ ಮೇಲೆ ಕಾಲಿಡಬೇಕು ಎಂದರೆ ಕೆಲಸದವರನ್ನು ಕರೆಸಿ. ಸಿಮೆಂಟ್ ಶೀಟು ಮೇಲಿನಿಂದ ಗಟ್ಟಿಯಾಗಿ ಕಂಡರೂ ನಡುವೆ ಕಾಲಿಟ್ಟರೆ ಹಪ್ಪಳ.

ಏಣಿ ಇಡುವಾಗ ನಾಲ್ಕಡಿ ಎತ್ತರಕ್ಕೆ ಒಂದಡಿ ಬುಡ ಆಚೆ ಇರಲಿ. ಅಲ್ಯೂಮಿನಿಯಂ ಏಣಿಯನ್ನು ತಂತಿ ಇರುವ ಕಡೆ ತರಲೇಬೇಡಿ. ಕೆಳಗೊಬ್ಬರು ಇರಲಿ. ಸ್ಪ್ಯಾನರಿಗೆ ಒಂದು ದಾರ ಕಟ್ಟಿ ಮಣಿಕಟ್ಟಿಗೆ ಹಾಕಿಕೊಳ್ಳಿ, ಮೂರನೇ ಮಹಡಿಯಿಂದ ಬೀಳುವ ಸ್ಪ್ಯಾನರ್ ಕೆಳಗೆ ಸೊಪ್ಪು ಮಾರುವವರ ತಲೆ ಹುಡುಕುತ್ತದೆ. ಹಾರ್ನೆಸ್ ತೊಟ್ಟರೆ ಹಗ್ಗವನ್ನು ಕಾಂಕ್ರೀಟ್ ಪಿಲ್ಲರಿಗೆ ಕಟ್ಟಿ. ಟ್ಯಾಂಕಿನ ಪಿವಿಸಿ ಪೈಪಿಗೆ ಕೊಕ್ಕೆ ಹಾಕಿಕೊಂಡು ಧೈರ್ಯವಾಗಿ ನಿಂತವರನ್ನು ನಾನು ನೋಡಿದ್ದೇನೆ.

ಯಾರಿಗಾದ್ರೂ ಕರೆಂಟು ಹೊಡೆದರೆ ಮೊದಲು ಏನ್ಮಾಡ್ಬೇಕು?

ಮುಟ್ಟಬೇಡಿ. ಮನೆಯ ಕರೆಂಟಾದರೆ ಓಡಿಹೋಗಿ ಮೇನ್ ಇಳಿಸಿ, ಆಮೇಲೆ ಮುಟ್ಟಿ. ಬೀದಿಯ ಹೈಟೆನ್ಷನ್ ಲೈನಾದರೆ ಒಣಕೋಲಿನಿಂದ ತಳ್ಳುವ ಸಾಹಸವೂ ಬೇಡ, ದೂರ ನಿಂತು 1912 ಮತ್ತು 112ಕ್ಕೆ ಫೋನ್ ಮಾಡಿ. ಬಿಡಿಸಿದ ಮೇಲೆ ಉಸಿರಿಲ್ಲದಿದ್ದರೆ ಎದೆ ಒತ್ತುವುದನ್ನು ಶುರುಮಾಡಿ, 108 ಬರುವ ತನಕ ನಿಲ್ಲಿಸಬೇಡಿ. ಎದ್ದು ಕೂತು “ಏನಿಲ್ಲ ಬಿಡಿ” ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಹೃದಯದ ಬಡಿತ ಆಮೇಲೂ ತಪ್ಪಬಹುದು.

ಯಾವ ತಿಂಗಳಲ್ಲಿ ಹಾಕಿಸೋದು ಒಳ್ಳೇದು?

ಜನವರಿ, ಫೆಬ್ರವರಿ, ಬೆಳಗಿನ ಹೊತ್ತು. ಭರಣಿ, ಕೃತ್ತಿಕೆ ಮಳೆಯ ದಿನಗಳಲ್ಲಿ ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟಿ ಗುಡುಗುತ್ತದೆ. ಆಷಾಢದಲ್ಲಿ ಗಾಳಿ, ಅದರ ಜೊತೆಗೆ ಪಾಚಿ ಹಿಡಿದ ತಾರಸಿ.

## ಕಂಬ, ಗೋಡೆ, ಗಾಳಿ

ಸಿಂಟೆಕ್ಸ್ ಸ್ಟ್ಯಾಂಡಿಗೆ ಕಟ್ಟಿಬಿಟ್ಟರೆ ಆಯ್ತಲ್ವಾ? ಮೊದಲೇ ಎತ್ತರ ಇದೆ.

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಸ್ಟ್ಯಾಂಡಿನ ವೆಲ್ಡಿಂಗು ನೀರಿನ ಭಾರವನ್ನು ಕೆಳಕ್ಕೆ ಹೊರಲು ಮಾಡಿದ್ದು, ಗಾಳಿಯ ಅಡ್ಡ ತಳ್ಳಿಗಲ್ಲ. ವರ್ಷಕ್ಕೊಮ್ಮೆ ಟ್ಯಾಂಕು ತೊಳೆಯಲು ಬರುವವರು ನಿಮ್ಮ ಡಿಶ್ಶಿನ ತೋಳನ್ನೇ ಹಿಡಿದು ಹತ್ತುತ್ತಾರೆ. ಸೋಲಾರ್ ಹೀಟರ್ ಸ್ಟ್ಯಾಂಡಂತೂ ಬೇಡವೇ ಬೇಡ, ಒಂದು ಗಾಜಿನ ಕೊಳವೆ ಒಡೆದರೆ ಕುದಿನೀರು ಮೈಮೇಲೆ.

ಎಷ್ಟೇ ಗಾಳಿ ಬಂದ್ರೂ ಅಲ್ಲಾಡಬಾರದು. ಪೈಪು ಎಷ್ಟು ದಪ್ಪ ಇರಬೇಕು?

ಕಟ್ಟಡಗಳ ಗಾಳಿಯ ಲೆಕ್ಕಕ್ಕೆ ಐಎಸ್ 875 ಎಂಬ ಮಾನಕ ಇದೆ. ಅದರಲ್ಲಿ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಮೀ. ದೇಶದಲ್ಲೇ ಕಡಿಮೆಯ ವರ್ಗ ಇದು, ಆದರೂ ಹಗುರವಲ್ಲ. ಆ ಗಾಳಿ 60 ಸೆಂಟಿಮೀಟರ್ ಅಗಲದ ಗಟ್ಟಿ ಡಿಶ್ಶನ್ನು ಸುಮಾರು 25 ಕಿಲೋ ತೂಕದಷ್ಟು ಬಲದಿಂದ ತಳ್ಳುತ್ತದೆ. ಡಿಶ್ಶು ಮೂರು ಮೀಟರ್ ಪೈಪಿನ ತುದಿಯಲ್ಲಿದ್ದರೆ, ಒಂದು ಮೀಟರ್ ಹಾರೆಯ ತುದಿಗೆ 75 ಕಿಲೋದ ಆಳು ಜೋತುಬಿದ್ದಷ್ಟು ಎಳೆತ ಬುಡಕ್ಕೆ ಬರುತ್ತದೆ. ಅದೂ ಜಗ್ಗಿ ಬಿಟ್ಟು, ಜಗ್ಗಿ ಬಿಟ್ಟು.

ಹಾಗಾಗಿ ಒಂದೂವರೆ ಇಂಚಿನ, ಮೀಡಿಯಂ ದರ್ಜೆಯ ಜಿಐ ಪೈಪು ತನ್ನಿ. ಅಂಗಡಿಯಲ್ಲಿ ಬಿ ಕ್ಲಾಸ್ ಎಂದು ಕೇಳಿ, ಹೊರ ಅಳತೆ 48 ಮಿಮೀ, ಗೋಡೆ 3 ಮಿಮೀಗೆ ತುಸು ಹೆಚ್ಚು ಇರುತ್ತದೆ. ಮೂರು ಮೀಟರ್ ದಾಟಿದರೆ ಮೂರು ಕಡೆಗೆ ಗೈ ವೈರ್ (ಕಂಬ ವಾಲದಂತೆ ಓರೆಯಾಗಿ ಬಿಗಿಯುವ ತಂತಿ) ಎಳೆಯಲೇಬೇಕು. ಜಾಲರಿ ಡಿಶ್ ಸಿಕ್ಕರೆ ಅದನ್ನೇ ಕೊಳ್ಳಿ, ಗಾಳಿ ತೂರಿಹೋಗುತ್ತದೆ. ಪೈಪಿನ ತುದಿಗೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಒಳಗೆ ಮಳೆನೀರು ನಿಂತು ಬುಡದಿಂದ ತುಕ್ಕು ಹತ್ತುತ್ತದೆ.

ಪೈಪಿಗಿಂತ ಮೊದಲು ಸೋಲುವುದು ಗೋಡೆ. ಈಗಿನ ಪ್ಯಾರಪೆಟ್‌ಗಳು ಬಹುಪಾಲು ನಾಲ್ಕಿಂಚಿನ ಬ್ಲಾಕು. ಬೆರಳಿನಿಂದ ತಟ್ಟಿ ನೋಡಿ. ಡಬ್ ಡಬ್ ಎಂದು ಟೊಳ್ಳು ಸದ್ದು ಬಂದರೆ ಆ್ಯಂಕರ್ ಬೋಲ್ಟ್ ನಿಲ್ಲುವುದಿಲ್ಲ. ಗೋಡೆಯ ಆಚೆ ತನಕ ತೂತು ಹೊಡೆದು, ಎರಡೂ ಬದಿಗೆ ಕಬ್ಬಿಣದ ಪಟ್ಟಿ ಇಟ್ಟು ನಟ್ಟು ಬಿಗಿಯಬೇಕು. ಎರಡು ಕ್ಲಾಂಪುಗಳ ನಡುವೆ ಕನಿಷ್ಠ ಎರಡಡಿ ಅಂತರ ಇರಲಿ.

ಸ್ಲ್ಯಾಬಿಗೆ ತೂತು ಹೊಡೆದರೆ ಸೋರುತ್ತಾ?

ಸೋರುತ್ತದೆ. ರಬ್ಬರ್ ಹಾಸಿನ ಮೇಲೆ ಕಬ್ಬಿಣದ ಅಡ್ಡಪಟ್ಟಿಯ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಆರಿಂಚಿನ ಗಟ್ಟಿ ಬ್ಲಾಕುಗಳನ್ನು ಹೇರಿ. ಒಂದೊಂದೂ ಇಪ್ಪತ್ತು ಕಿಲೋಗೂ ಹೆಚ್ಚು ತೂಗುತ್ತದೆ. ಮನೆ ಬಾಡಿಗೆಯದಾದರೆ ಬಿಡುವಾಗ ಎತ್ತಿಕೊಂಡು ಹೋಗಬಹುದು.

## ಮಳೆ, ಸಿಡಿಲು, ಅರ್ಥಿಂಗು

ಆಂಟೆನಾ ಹಾಕಿದರೆ ಸಿಡಿಲನ್ನು ಮನೆಗೆ ಕರೆದ ಹಾಗಲ್ವಾ?

ಆಂಟೆನಾ ಸಿಡಿಲನ್ನು ಎಳೆದು ತರುವುದಿಲ್ಲ. ಆದರೆ ಬೀಳುವ ಸಿಡಿಲಿಗೆ ಸುತ್ತಲಿನ ಎತ್ತರದ ತುದಿ ಸುಲಭದ ದಾರಿ. ನೇರ ಹೊಡೆತ ಅಪರೂಪ. ನಾನು ಬದಲಿಸಿಕೊಟ್ಟ ರೂಟರುಗಳೆಲ್ಲ ಸತ್ತಿದ್ದು ನಾಲ್ಕು ಬೀದಿ ಆಚೆ ಬಿದ್ದ ಸಿಡಿಲಿಗೆ: ಉದ್ದದ ಕೇಬಲಿನಲ್ಲಿ ಆ ಹೊತ್ತಿಗೆ ಹುಟ್ಟುವ ವೋಲ್ಟೇಜು ನೆಟ್ಟಗೆ ಲ್ಯಾನ್ ಪೋರ್ಟಿಗೆ ನುಗ್ಗುತ್ತದೆ. ಕೇಬಲು ಮನೆಯೊಳಗೆ ಬರುವ ಜಾಗದಲ್ಲೇ ಸರ್ಜ್ ಅರೆಸ್ಟರ್ (ನುಗ್ಗುವ ವೋಲ್ಟೇಜನ್ನು ಅರ್ಥಿಗೆ ತಿರುಗಿಸುವ ಡಬ್ಬಿ) ಹಾಕಿ, ಅದರ ಅರ್ಥ್ ತಂತಿಯನ್ನು ಎಷ್ಟು ಗಿಡ್ಡ ಆಗುತ್ತದೋ ಅಷ್ಟು ಗಿಡ್ಡ ಇಡಿ. ಅರ್ಥ್ ಇಲ್ಲದ ಅರೆಸ್ಟರ್ ಬರೀ ಡಬ್ಬಿ. ನೇರ ಹೊಡೆತವನ್ನು ಅದೂ ತಡೆಯುವುದಿಲ್ಲ.

ಅರ್ಥಿಂಗ್ ಅಂದ್ರೆ ಪೈಪಿಗೆ ಒಂದು ವೈರ್ ಕಟ್ಟಿ ಮಣ್ಣಿಗೆ ಹೂತರೆ ಸಾಕಾ?

ಸಾಲದು. ಹಾಗೆ ಮಾಡಿದ ಮನೆಗಳಲ್ಲೇ ರೂಟರು ಹೆಚ್ಚು ಸುಡುತ್ತದೆ. ಆಂಟೆನಾಗೆ ಒಂದು ಗುಂಡಿ, ಮನೆಗೆ ಇನ್ನೊಂದು ಗುಂಡಿ, ಎರಡಕ್ಕೂ ನಂಟಿಲ್ಲ ಅಂದುಕೊಳ್ಳಿ. ಹತ್ತಿರ ಸಿಡಿಲು ಬಿದ್ದಾಗ ಒಂದು ಗುಂಡಿಯ ನೆಲದ ವೋಲ್ಟೇಜು ಸಾವಿರಗಟ್ಟಲೆ ಏರುತ್ತದೆ, ಇನ್ನೊಂದು ತಣ್ಣಗಿರುತ್ತದೆ. ಎರಡನ್ನೂ ಮುಟ್ಟಿಕೊಂಡಿರುವ ವಸ್ತು ಮನೆಯಲ್ಲಿ ಒಂದೇ, ನಿಮ್ಮ ರೂಟರ್. ಅಷ್ಟೂ ಕರೆಂಟು ಅದರೊಳಗೆ ದಾಟುತ್ತದೆ. ಆದ್ದರಿಂದ ಕಂಬದ ಅರ್ಥನ್ನು ಮನೆಯ ಮೇನ್ ಅರ್ಥಿಗೆ ಕೂಡಿಸಲೇಬೇಕು. ಆಗ ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತದೆ.

ಕಂಬದಿಂದ ಇಳಿಯುವ ತಂತಿ ತಾಮ್ರವಾದರೆ ಕನಿಷ್ಠ 16 ಚದರ ಮಿಮೀ, ಜಿಐ ಪಟ್ಟಿಯಾದರೆ 25x3 ಮಿಮೀ ಇರಲಿ. ಹೊರಗೋಡೆಯ ಮೇಲೆ ನೆಟ್ಟಗೆ ಇಳಿಯಲಿ, ಚೂಪು ತಿರುವು ಬೇಡ. ನಲ್ಲಿ ಪೈಪಿಗೆ ಕಟ್ಟುವ ಹಳೇ ಉಪಾಯ ಈಗ ನಡೆಯುವುದಿಲ್ಲ, ಪೈಪುಗಳೆಲ್ಲ ಪ್ಲಾಸ್ಟಿಕ್ ಆಗಿವೆ. ನಮ್ಮ ಕೆಂಪುಮಣ್ಣು ಮಾರ್ಚ್ ಬಂತೆಂದರೆ ಒಣಗಿ ಹೆಂಟೆಯಾಗುತ್ತದೆ, ಅರ್ಥಿನ ರೆಸಿಸ್ಟೆನ್ಸು ಏರುತ್ತದೆ. ಬೇಸಿಗೆಯಲ್ಲಿ ತುಳಸಿಗೆ ಹಾಕುವಾಗ ಅರ್ಥ್ ಗುಂಡಿಗೂ ಒಂದು ಬಿಂದಿಗೆ ನೀರು ಹಾಕಿ.

ಗುಡುಗು ಶುರುವಾದ ಮೇಲೆ ಪ್ಲಗ್ ಕಿತ್ತರೆ ಸಾಕಾ?

ಮೋಡ ಕಟ್ಟುವಾಗಲೇ ಕೀಳಬೇಕು, ಪವರ್ ಪ್ಲಗ್ಗನ್ನೂ ಆಂಟೆನಾದಿಂದ ಬರುವ ಲ್ಯಾನನ್ನೂ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗಿದರೆ ಕೇಬಲನ್ನು ಮುಟ್ಟಬೇಡಿ, ತಾರಸಿ ಹತ್ತಬೇಡಿ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯಲಿ. ಒಣಗಿದ ಬಟ್ಟೆ ನೆನೆದರೆ ನೆನೆಯಲಿ.

ಮಳೆ ಬಂದಾಗ ಮಾತ್ರ ನೆಟ್ ಹೋಗುತ್ತೆ. ಯಾಕೆ?

ಒಂದೆರಡು ಕಿಲೋಮೀಟರಿನ 5 ಗಿಗಾಹರ್ಟ್ಜ್ ಲಿಂಕನ್ನು (ಎರಡು ಡಿಶ್ಶುಗಳ ನಡುವಿನ ವೈಫೈ ಸಂಪರ್ಕ) ಮಳೆ ಹನಿ ಕೆಡಿಸುವುದಿಲ್ಲ. ಡಿಟಿಎಚ್ ತಟ್ಟೆಯ ಮಾತು ಬೇರೆ, ಅದು ಬಳಸುವ ಕೆಯು ಬ್ಯಾಂಡ್ ಎಂಬ ಇನ್ನೂ ಮೇಲಿನ ಫ್ರೀಕ್ವೆನ್ಸಿಯನ್ನು ಜೋರು ಮಳೆ ನಿಜವಾಗಿಯೂ ನುಂಗುತ್ತದೆ. ನಿಮ್ಮ ಲಿಂಕು ಹೋಗುತ್ತಿದ್ದರೆ ಕನೆಕ್ಟರಿಗೆ ನೀರು ಹೊಕ್ಕಿದೆ. ಬಿಚ್ಚಿ ನೋಡಿ: ಬಂಗಾರದ ಬಣ್ಣದ ಪಿನ್ನುಗಳು ಹಸಿರು ಬೂಷ್ಟು ಹಿಡಿದಿರುತ್ತವೆ, ಕೇಬಲಿನ ಹೊದಿಕೆಯನ್ನು ಒಂದು ಗೇಣು ಸೀಳಿದರೆ ಒಳಗಿನ ಜಾಲರಿ ಕಪ್ಪಾಗಿರುತ್ತದೆ. ನೀರು ಕೇಬಲಿನೊಳಗೇ ಇಳಿದು ರೂಟರಿನ ತನಕ ಬಂದಿದ್ದನ್ನೂ ನೋಡಿದ್ದೇನೆ.

ಕನೆಕ್ಟರಿನ ಮೇಲೆ ಎಳೆದರೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಅದರ ಮೇಲೆ ಸಾಮಾನ್ಯ ಟೇಪು. ಎಂ-ಸೀಲ್ ಮೆತ್ತಬೇಡಿ, ಮುಂದಿನ ಸಲ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಕೇಬಲು ಮನೆಯೊಳಗೆ ಹೊಗುವ ಮುಂಚೆ ತೂತಿಗಿಂತ ಕೆಳಗೆ ಒಂದು ತೊಟ್ಟಿಲಿನ ಹಾಗೆ ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಬಿಚ್ಚುವ ಮುನ್ನ ಡಬ್ಬಿಯನ್ನು ಕೋಲಿನಿಂದ ತಟ್ಟಿ ಎರಡು ಹೆಜ್ಜೆ ಹಿಂದೆ ನಿಲ್ಲಿ. ಕಣಜಗಳಿಗೆ ಆ ಜಾಗ ಬಲು ಇಷ್ಟ, ಏಣಿಯ ಮೇಲೆ ಅವು ಎದ್ದರೆ ಕೈ ತಾನಾಗಿ ಬಿಟ್ಟುಹೋಗುತ್ತದೆ.

## ಕಾಯಿದೆ ಮತ್ತು ನೆರೆಹೊರೆ

ವೈಫೈ ಆಂಟೆನಾಗೆ ಲೈಸೆನ್ಸ್ ಬೇಕಾ?

2.4 ಗಿಗಾಹರ್ಟ್ಜ್ ಬ್ಯಾಂಡಿಗೆ 2005ರಿಂದ ಲೈಸೆನ್ಸ್ ಬೇಕಿಲ್ಲ. 5 ಗಿಗಾಹರ್ಟ್ಜ್‌ನ ಬಹುಭಾಗವನ್ನು 2018ರ ಅಕ್ಟೋಬರಿನಲ್ಲಿ ಮುಕ್ತಗೊಳಿಸಿದರು. ಆದರೆ ಶಕ್ತಿಗೆ ಮಿತಿ ಇದೆ. 2.4ರಲ್ಲಿ ಆಂಟೆನಾದಿಂದ ಹೊರಡುವ ಒಟ್ಟು ಶಕ್ತಿ 4 ವ್ಯಾಟ್, ಅಂದರೆ 36 ಡಿಬಿಎಂ (ರೇಡಿಯೋ ಶಕ್ತಿಯ ಅಳತೆ) ಮೀರಬಾರದು, ಆಂಟೆನಾ ಕಟ್ಟಡದ ತಾರಸಿಯಿಂದ ಐದು ಮೀಟರ್ ಎತ್ತರ ದಾಟಬಾರದು. ಜನ ತಪ್ಪುವುದು ಇಲ್ಲೇ: 20 ಡಿಬಿಎಂ ರೇಡಿಯೋಗೆ 24 ಡಿಬಿಐ (ಶಕ್ತಿಯನ್ನು ಒಂದೇ ದಿಕ್ಕಿಗೆ ಕೂಡಿಸುವುದರ ಅಳತೆ) ಡಿಶ್ ಸೇರಿಸಿದರೆ 44 ಆಯಿತು, ಅಂದರೆ 25 ವ್ಯಾಟ್. ಡಿಶ್ಶು ದೊಡ್ಡದಾದಷ್ಟೂ ರೇಡಿಯೋದ ಶಕ್ತಿ ಇಳಿಸಬೇಕು. ಸೆಟ್ಟಿಂಗಿನಲ್ಲಿ ದೇಶ ಭಾರತವೆಂದೇ ಇರಲಿ, ಹವಾಮಾನ ರೇಡಾರುಗಳೂ 5 ಗಿಗಾಹರ್ಟ್ಜ್ ಆಸುಪಾಸಿನಲ್ಲೇ ಕೆಲಸ ಮಾಡುತ್ತವೆ. ಜಕ್ಕೂರು, ಯಲಹಂಕ, ಎಚ್‌ಎಎಲ್ ಸುತ್ತಮುತ್ತಲಿನವರಿಗೆ ವಿಮಾನದ ಎತ್ತರದ ಮಿತಿಯೂ ಉಂಟು, ಅಲ್ಲಿ ಕಂಬ ಗಿಡ್ಡವಾಗಿಯೇ ಇರಲಿ.

ಆನ್‌ಲೈನ್‌ನಲ್ಲಿ ಮೊಬೈಲ್ ಸಿಗ್ನಲ್ ಬೂಸ್ಟರ್ ಸಿಗುತ್ತೆ. ಹಾಕಿಕೊಡ್ತೀರಾ?

ಇಲ್ಲ. ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೂ ಅಪರಾಧ. ನಿಮ್ಮ ಮನೆಯಲ್ಲಿ ನಾಲ್ಕು ಕಡ್ಡಿ ಬಂದರೆ ಆ ಗದ್ದಲಕ್ಕೆ ಇಡೀ ಬೀದಿಯ ಮಾತು ತುಂಡಾಗುತ್ತದೆ. ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ, ಖರ್ಚಿಲ್ಲ.

ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಬಿಡ್ತಿಲ್ಲ.

ತಾರಸಿ ಎಲ್ಲರ ಸೊತ್ತು, ಅವರ ಒಪ್ಪಿಗೆ ಬರಹದಲ್ಲಿ ಬೇಕು. ಎಲ್ಲಿ, ಎಷ್ಟೆತ್ತರ, ಬಿದ್ದರೆ ಹೊಣೆ ಯಾರು ಎಂದು ಒಂದು ಹಾಳೆಯಲ್ಲಿ ಬರೆದು ಕೊಡಿ. ಆ ಕೊನೆಯ ಸಾಲೇ ಅವರಿಗೆ ಬೇಕಾದದ್ದು.

ಎದುರು ಮನೆಯವರು ರೇಡಿಯೇಷನ್ ಅಂತ ಜಗಳಕ್ಕೆ ಬರ್ತಾರೆ. ಏನು ಹೇಳೋದು?

ವೈಫೈ ರೇಡಿಯೋದ ಶಕ್ತಿ ಹೆಚ್ಚೆಂದರೆ ಒಂದು ವ್ಯಾಟಿನ ಆಸುಪಾಸು, ದೂರ ಎರಡರಷ್ಟಾದರೆ ಅದರ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಮೊಬೈಲ್ ಟವರುಗಳಿಗೂ 2012ರ ಸೆಪ್ಟೆಂಬರ್ 1ರಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದನ್ನು ಸರ್ಕಾರ ಗೊತ್ತುಮಾಡಿತು. ಇದನ್ನೆಲ್ಲ ಹೇಳಿ, ಆದರೆ ಡಿಶ್ಶನ್ನು ಅವರ ಮಲಗುವ ಕೋಣೆಯ ಕಿಟಕಿಗೆ ನೆಟ್ಟಗೆ ಹಿಡಿದು ನಿಲ್ಲಿಸಬೇಡಿ. ಎರಡಡಿ ಸರಿಸಿದರೆ ಸಂಬಂಧ ಉಳಿಯುತ್ತದೆ ಎಂದಾದರೆ ಸರಿಸಿ.

## ಪಳಗಿದವರ ಪ್ರಶ್ನೆಗಳು

ಎದುರಿನ ಕಟ್ಟಡ ಕಣ್ಣಿಗೆ ಕಾಣುತ್ತೆ, ಆದ್ರೂ ಲಿಂಕ್ ನಿಲ್ತಿಲ್ಲ.

ಕಣ್ಣಿನ ಗೆರೆ ಸಾಲದು, ರೇಡಿಯೋಗೆ ಕಡುಬಿನಾಕಾರದ ಜಾಗ ಬೇಕು. ಅದಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. ಒಂದು ಕಿಲೋಮೀಟರ್ ಲಿಂಕಿನ ನಟ್ಟನಡುವೆ ಅದರ ತ್ರಿಜ್ಯ 5.8 ಗಿಗಾಹರ್ಟ್ಜ್‌ಗೆ ಸುಮಾರು 3.6 ಮೀಟರ್, 2.4ಕ್ಕೆ 5.6 ಮೀಟರ್. ಅದರಲ್ಲಿ ಶೇ 60ರಷ್ಟಾದರೂ ಖಾಲಿ ಇರಬೇಕು. ನಮ್ಮೂರಿನಲ್ಲಿ ಅಡ್ಡ ಬರುವುದು ಮರ. ಫೆಬ್ರವರಿಯಲ್ಲಿ ಹೊಂಗೆ ಎಲೆ ಉದುರಿಸಿ ನಿಂತಾಗ ಜೋಡಿಸಿದ ಲಿಂಕು, ಯುಗಾದಿಯ ಹೊತ್ತಿಗೆ ಚಿಗುರೊಡೆದ ಕೂಡಲೇ ಸಾಯುತ್ತದೆ. ಹಸಿ ಎಲೆಯೆಂದರೆ ನೀರು. ಕೊಂಬೆ ಕಡಿಯುವ ಮಾತಾಡಬೇಡಿ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಡಿಶ್ಶನ್ನು ತಾರಸಿಯ ಇನ್ನೊಂದು ಮೂಲೆಗೆ ಒಯ್ಯುವುದು ಸುಲಭ.

ಕೋಆಕ್ಸ್ ಎಳೆಯಲಾ, ಲ್ಯಾನ್ ಎಳೆಯಲಾ?

ರೇಡಿಯೋವನ್ನು ಆಂಟೆನಾದ ಬೆನ್ನಿಗೇ ಕಟ್ಟಿ, ಕೆಳಕ್ಕೆ ಲ್ಯಾನ್ ಎಳೆಯಿರಿ. ಒಳ್ಳೆಯ ಎಲ್‌ಎಂಆರ್-400 ಕೋಆಕ್ಸ್ (ಡಿಟಿಎಚ್ ವೈರಿನಂಥ, ಆದರೆ ದಪ್ಪನೆಯ ಕೇಬಲು) ಕೂಡ 2.4 ಗಿಗಾಹರ್ಟ್ಜ್‌ನಲ್ಲಿ ನೂರು ಮೀಟರಿಗೆ ಸುಮಾರು 22 ಡಿಬಿ ಸಿಗ್ನಲ್ ತಿನ್ನುತ್ತದೆ. ಲ್ಯಾನ್ ಕೇಬಲು ಹೊರಾಂಗಣದ ಕಪ್ಪು ಹೊದಿಕೆಯದು, ಶೀಲ್ಡ್ ಇರುವುದು, ಪೂರ್ತಿ ತಾಮ್ರದ್ದು ಇರಲಿ. ಅಗ್ಗದ್ದರಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರುತ್ತದೆ. ಚಾಕುವಿನಿಂದ ಕೆರೆದರೆ ಬೆಳ್ಳಿ ಬಣ್ಣ ಕಾಣುತ್ತದೆ, ಅದರಲ್ಲಿ ಪವರ್ ಕಳಿಸಿದರೆ ಬಿಸಿಯಾಗುತ್ತದೆ. 24 ವೋಲ್ಟಿನ ರೇಡಿಯೋಗೆ 48 ವೋಲ್ಟಿನ ಅಡಾಪ್ಟರ್ ಚುಚ್ಚಬೇಡಿ. ಎರಡು ಕಟ್ಟಡಗಳ ನಡುವೆ ತಂತಿಯನ್ನೇ ಎಳೆಯಬೇಕಾದರೆ ಫೈಬರ್ ಎಳೆಯಿರಿ, ತಾಮ್ರ ಎಳೆದರೆ ಎರಡು ಅರ್ಥ್‌ಗಳ ಆ ಹಳೇ ಕಷ್ಟ ಮತ್ತೆ ಬರುತ್ತದೆ.

ಪೈಪ್ ಮುಟ್ಟಿದ್ರೆ ಜುಮ್ ಅನ್ನುತ್ತೆ. ಪಿಒಇ ಕರೆಂಟಾ?

ಅಲ್ಲ. ಪಿಒಇ ಎಂದರೆ ಲ್ಯಾನ್ ವೈರಿನಲ್ಲೇ ರೇಡಿಯೋಗೆ ಕಳಿಸುವ ಕಡಿಮೆ ವೋಲ್ಟಿನ ಪವರ್. ಅರ್ಥ್ ಇಲ್ಲದ ಸಾಕೆಟ್ಟಿನಲ್ಲಿ ಚುಚ್ಚಿದ ಅಡಾಪ್ಟರಿನಿಂದ ಸೋರಿದ ಕರೆಂಟು ಕೇಬಲಿನ ಶೀಲ್ಡಿನ ಮೂಲಕ ಪೈಪಿಗೆ ಬಂದಿದೆ. ಅಥವಾ ಇನ್ನೂ ಕೆಟ್ಟದ್ದು, ಪೈಪಿಗೆ ಒರಗಿಸಿದ ಮೋಟರಿನ ವೈರಿನ ಹೊದಿಕೆ ಸವೆದಿದೆ. ಒಣಗಿದ ಕೈಗೆ ಜುಮ್ ಎಂದದ್ದು ಮಳೆಯಲ್ಲಿ ಬರಿಗಾಲಿನವರನ್ನು ಹಿಡಿದುಕೊಳ್ಳುತ್ತದೆ. ಮೇನ್ ಇಳಿಸಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ಮಲ್ಟಿಮೀಟರ್ ಹಿಡಿಸಿ ಮೂಲ ಹುಡುಕಿಸಿ. ಮನೆಯಲ್ಲಿ 30 ಮಿಲಿಆ್ಯಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚು) ಇಲ್ಲದಿದ್ದರೆ ಅದೇ ದಿನ ಹಾಕಿಸಿ. “ಟೇಪ್ ಸುತ್ತಿದ್ರೆ ಸಾಕು” ಎಂದವರನ್ನು ಚಹಾ ಕೊಟ್ಟು ಕಳಿಸಿಬಿಡಿ.

ಅಪ್ಪನ ಕಾಲದ ಟಿವಿ ಆಂಟೆನಾ ಹಾಗೇ ನಿಂತಿದೆ. ಇಳಿಸೋದು ಸುಲಭ ತಾನೆ?

ಏರಿಸುವುದಕ್ಕಿಂತ ಕಷ್ಟ. ಮೀನಿನ ಮುಳ್ಳಿನಂಥ ಆ ಆಂಟೆನಾದ ಪೈಪು ಮೇಲೆಲ್ಲ ಗಟ್ಟಿಯಾಗಿ ಕಂಡರೂ ಗಾರೆಯೊಳಗೆ ಹೂತ ಆರಿಂಚು ತುಕ್ಕು ಹಿಡಿದು ಕಾಗದವಾಗಿರುತ್ತದೆ. ಅದು ಹಾಕಿದಾಗ ಇಲ್ಲದ ಕರೆಂಟು ತಂತಿ ಈಗ ಪಕ್ಕದಲ್ಲಿ ಬಂದಿರುತ್ತದೆ, ಕರೆಂಟು ಕಂಬದ ಪ್ರಶ್ನೆಗೆ ಹೇಳಿದ ಆ ವೃತ್ತದ ಲೆಕ್ಕವನ್ನು ಹೊಸದಾಗಿ ಹಾಕಿ. ಮೊದಲು ತಂತಿಯಿಲ್ಲದ ದಿಕ್ಕಿಗೆ ಎರಡು ಹಗ್ಗ ಕಟ್ಟಿ ಬಿಗಿಯಿರಿ. ತುಕ್ಕು ಹಿಡಿದ ನಟ್ಟನ್ನು ಜಗ್ಗಬೇಡಿ, ಸ್ಪ್ಯಾನರ್ ಜಾರಿದರೆ ನೀವೇ ಹಿಂದಕ್ಕೆ ಬೀಳುತ್ತೀರಿ, ಹ್ಯಾಕ್ಸಾದಿಂದ ಕುಯ್ಯಿರಿ. ಕಂಬ ಮಲಗಿದ ಮೇಲೆ ಗೋಡೆಯಲ್ಲಿ ಉಳಿದ ತೂತಿಗೆ ಅವತ್ತೇ ಸಿಮೆಂಟ್ ತುಂಬಿ. ಕಬ್ಬಿಣ ಗುಜರಿಗೆ ಹೋಗುತ್ತದೆ, ಆಂಟೆನಾದಿಂದ ಟಿವಿಗೆ ಇಳಿದ ಆ ಚಪ್ಪಟೆ ಜೋಡಿವೈರನ್ನು ಮಾತ್ರ ಪೂರ್ತಿ ಎಳೆದು ತೆಗೆಯಿರಿ. ಅರ್ಧ ಬಿಟ್ಟ ವೈರು ಗಾಳಿಗೆ ತೂಗಾಡುತ್ತಾ ಬೀದಿಯ ತಂತಿಯ ಕಡೆಗೇ ಹೋಗುತ್ತದೆ.